ಬರೆಯ ಮೇಲಿನ ಹಳದಿ ಹೂವು: ಒಂದು ಅಂಗಳದ ಮೂರು ವರ್ಷದ ಲೆಕ್ಕ

2021ರ ಚೌತಿಯ ಹಿಂದಿನ ಸಂಜೆ ಅಮ್ಮ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದರು. ಸ್ವಲ್ಪ ಹೊತ್ತಿಗೆ ಖಾಲಿ ಬುಟ್ಟಿಯಲ್ಲೇ ವಾಪಸ್ ಬಂದರು. ಗಣಪತಿಗೆ ಇಪ್ಪತ್ತೊಂದು ಗರಿಕೆ ಬೇಕು. ಹದಿನೈದು ಸೆಂಟ್ಸ್ ಜಾಗದಲ್ಲಿ ಇಪ್ಪತ್ತೊಂದು ಗರಿಕೆ ಸಿಗಲಿಲ್ಲ! ಕೊನೆಗೆ ರಸ್ತೆ ಬದಿಯಿಂದ ಕಿತ್ತು ತಂದು, ಮೂರು ನೀರಲ್ಲಿ ತೊಳೆದು ಪೂಜೆಗೆ ಇಟ್ಟೆವು. "ಎಲ್ಲ ಆ ಹಳದಿ ಹೂವೇ ನುಂಗಿ ಹಾಕಿದೆ" ಅಂದರು ಅಮ್ಮ. ಆ ಹೂವನ್ನು ನಾನು ಅಲ್ಲಿವರೆಗೆ ಚೆಂದ ಅಂತಲೇ ನೋಡುತ್ತಿದ್ದೆ. ಅದನ್ನು ತಂದು ನೆಟ್ಟವನೂ ನಾನೇ.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ. ಪುತ್ತೂರು ತಾಲೂಕಿನ ಒಂದು ಹಳ್ಳಿ. ಗುಡ್ಡೆಯನ್ನು ಜೆಸಿಬಿಯಲ್ಲಿ ಕಡಿದು, ಸಮ ಮಾಡಿ, 2016ರಲ್ಲಿ ಮನೆ ಕಟ್ಟಿದ್ದು. ಮನೆಯ ಹಿಂದೆ ಬರೆ, ಅಂದರೆ ಗುಡ್ಡೆ ಕಡಿದಲ್ಲಿ ಉಳಿದ ನೆಟ್ಟಗಿನ ಮಣ್ಣಿನ ಗೋಡೆ. ಎತ್ತರ ಒಂಬತ್ತು ಅಡಿ, ಉದ್ದ ನಲವತ್ತು ಅಡಿ. ಮೇಲೆ ಕೆಂಪು ಮಣ್ಣು, ಕೆಳಗೆ ಮುರಕಲ್ಲು. ಬಲಗಡೆ ಬಾವಿ. ಎಡಗಡೆ ಬೇಲಿ, ಬೇಲಿಯಾಚೆ ತೋಡು (ಸಣ್ಣ ಹಳ್ಳ), ತೋಡು ಇಳಿದಲ್ಲಿ ಪಕ್ಕದವರ ಅಡಿಕೆ ತೋಟ. ಈ ತೋಡನ್ನು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಿ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಮನೆ ಒಕ್ಕಲಾದ ಮೊದಲ ಮಳೆಗೇ ಬರೆಯ ಮಣ್ಣು ಅಡುಗೆಮನೆ ಬಾಗಿಲವರೆಗೆ ಬಂತು. ಗಾಬರಿಯಾಗಿ ನರ್ಸರಿಗೆ ಹೋದೆ. "ಇದನ್ನು ಹಾಕಿ. ನೀರು ಬೇಡ, ಗೊಬ್ಬರ ಬೇಡ, ಒಂದೇ ವರ್ಷದಲ್ಲಿ ಬರೆ ಮುಚ್ಚುತ್ತದೆ" ಅಂದರು. ಆ ಹಳದಿ ಹೂವಿನ ಗಿಡ ಇಪ್ಪತ್ತು ತೊಟ್ಟೆ, ಅಂದರೆ ಇಪ್ಪತ್ತು ಪ್ಲಾಸ್ಟಿಕ್ ಚೀಲ, ತಂದೆ. ಅವರು ಸುಳ್ಳೇನೂ ಹೇಳಿರಲಿಲ್ಲ. ನೀರು ಕೇಳಲಿಲ್ಲ, ಗೊಬ್ಬರ ಕೇಳಲಿಲ್ಲ, ಒಂದೇ ವರ್ಷದಲ್ಲಿ ಬರೆ ಮುಚ್ಚಿತು. ಆಮೇಲೆ ನಿಲ್ಲಲಿಲ್ಲ, ಅಷ್ಟೇ.

ನರ್ಸರಿಯವರು ಇದನ್ನು ವೆಡೇಲಿಯಾ ಅನ್ನುತ್ತಾರೆ. ಸಿಂಗಾಪುರ ಡೈಸಿ ಅಂತಲೂ ಹೆಸರಿದೆ. ಸಿಂಗಾಪುರಕ್ಕೂ ಅದಕ್ಕೂ ಹುಟ್ಟಿನ ಸಂಬಂಧ ಇಲ್ಲ, ಅದು ಅಮೆರಿಕ ಖಂಡದ ಬಿಸಿ ಪ್ರದೇಶದ ಗಿಡ. ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ. ಟ್ರೈಲೋಬೇಟಾ ಅಂದರೆ ಮೂರು ಹಾಲೆಯದು. ಎಲೆ ನೋಡಿದರೆ ಗೊತ್ತಾಗುತ್ತದೆ: ಹೊಳೆಯುವ ದಪ್ಪ ಎಲೆ, ಎರಡೆರಡು ಎದುರುಬದುರು, ತುದಿಯ ಹತ್ತಿರ ಎರಡು ಬದಿಗೆ ಕಿವಿಯ ಹಾಗೆ ಒಂದೊಂದು ಚಾಚು. ನಮ್ಮ ಗದ್ದೆ ಬದುಗಳಲ್ಲಿ ಸಿಗುವ ಹಳದಿ ಭೃಂಗರಾಜ ಇದರ ಹತ್ತಿರದ ನೆಂಟ. ಹೂವು ಹೆಚ್ಚುಕಡಿಮೆ ಒಂದೇ ಥರ, ಆದರೆ ಅದರ ಎಲೆಗೆ ಈ ಕಿವಿ ಇರುವುದಿಲ್ಲ. ಕೀಳುವ ಮುಂಚೆ ಇದೊಂದನ್ನು ನೋಡಿಕೊಳ್ಳಿ, ಔಷಧಿ ಗಿಡವನ್ನು ಸುಮ್ನೆ ಕಿತ್ತುಹಾಕಬೇಡಿ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದವರು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಮಾಡಿದ್ದಾರೆ. ಲಂಟಾನ, ಕಮ್ಯುನಿಸ್ಟ್ ಗಿಡ, ಕೆರೆ ತುಂಬುವ ಅಂತರಗಂಗೆ (ವಾಟರ್ ಹಯಸಿಂತ್) ಎಲ್ಲ ಅದರಲ್ಲಿವೆ. ಅವುಗಳ ಜೊತೆಗೇ ನಾನು ದುಡ್ಡು ಕೊಟ್ಟು ತಂದ ಈ ಇಪ್ಪತ್ತು ತೊಟ್ಟೆಯೂ ಇದೆ.

ಐದು ವರ್ಷದಲ್ಲಿ ಏನೇನು ಹೋಯಿತು ಅಂತ ಚೌತಿ ಕಳೆದ ಮೇಲೆ ಅಮ್ಮನ ಹತ್ತಿರ ಕೂತು ಪಟ್ಟಿ ಮಾಡಿದೆ. ಗರಿಕೆ. ಶಿವರಾತ್ರಿಗೆ ಬೇಕಾಗುವ ತುಂಬೆ. ನೆಲನೆಲ್ಲಿ. ಬಾವಿಕಟ್ಟೆಯ ಬುಡದಲ್ಲಿ ತಾನಾಗಿ ಹಬ್ಬಿದ್ದ ಒಂದೆಲಗ, ನಮ್ಮ ಕಡೆಯ ತಿಮರೆ. ಅದರ ತಂಬುಳಿ ಮಾಡದೆ ಎರಡು ಮಳೆಗಾಲ ಆಗಿತ್ತಂತೆ, ನನಗೆ ಗೊತ್ತೇ ಆಗಿರಲಿಲ್ಲ. ಮಳೆಗಾಲದ ಆಟಿ ತಿಂಗಳಿನ ತಗತೆ ಸೊಪ್ಪೂ ಇಲ್ಲ. ಬರೆ ಮುಚ್ಚಲು ನೆಟ್ಟ ಬಳ್ಳಿ ಅಂಗಳಕ್ಕೆ ಇಳಿದು, ಮಲ್ಲಿಗೆ ಬುಡ ಹತ್ತಿ, ಬಾವಿಕಟ್ಟೆ ಸುತ್ತಿ, ಬೇಲಿ ಮುಟ್ಟಿತ್ತು. ಮೊಣಕಾಲುದ್ದ ಹಸಿರು ಹಾಸಿಗೆ. ಕೆಳಗೆ ಕೈ ಹಾಕಿದರೆ ಬರೀ ಕಾಂಡ, ಒಂದು ಹುಲ್ಲೆಸಳೂ ಇಲ್ಲ.

ಈಗ ಮೊದಲ ತಪ್ಪು. ಚೌತಿ ಕಳೆದು ಎರಡು ವಾರಕ್ಕೆ, ಇನ್ನೂ ಮಳೆ ಹನಿಯುತ್ತಿರುವಾಗಲೇ, ಹುಲ್ಲು ಹೆರೆಯುವ ಮೆಷಿನ್ ತರಿಸಿದೆ. ಅರ್ಧ ದಿನದಲ್ಲಿ ಎಲ್ಲ ಬೋಳು. ಎಷ್ಟು ಖುಷಿಯಾಯಿತು ಅಂದರೆ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಹೆರೆದ ರಾಶಿಯನ್ನು ಆಳುಗಳು "ಎಲ್ಲಿ ಹಾಕೋದು?" ಅಂತ ಕೇಳಿದರು. ಬೇಲಿಯಾಚೆಗೆ ಕೈ ತೋರಿಸಿದೆ. ತೋಡಿಗೆ.

ಈ ಗಿಡದ ಬದುಕಿನ ಗುಟ್ಟೇ ಅದರ ಗೆಣ್ಣು. ಬೀಜದಿಂದ ಹುಟ್ಟುವುದು ತೀರಾ ಕಡಿಮೆ. ನೆಲಕ್ಕೆ ಮುಟ್ಟಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಒಂದು ಗೆಣ್ಣು ಇರುವ ಬೆರಳುದ್ದದ ತುಂಡು ಸಾಕು, ಒದ್ದೆ ಮಣ್ಣು ಸಿಕ್ಕಿದರೆ ಹೊಸ ಗಿಡ. ಮೆಷಿನ್ ಏನು ಮಾಡಿತು? ಒಂದು ಬಳ್ಳಿಯನ್ನು ಮೂವತ್ತು ತುಂಡು ಮಾಡಿ, ಅಂಗಳದ ತುಂಬ ಎರಚಿತು. ನಾನು ದುಡ್ಡು ಕೊಟ್ಟು ಭತ್ತದ ನೇಜಿ ನೆಡಿಸಿದ ಹಾಗಾಯಿತು. ನವೆಂಬರ್ ಬರುವಷ್ಟರಲ್ಲಿ ಮೊದಲಿಗಿಂತ ಜಾಸ್ತಿ ಹಸಿರು. ಮೊದಲು ಇಲ್ಲದಿದ್ದ ತೆಂಗಿನ ಬುಡಕ್ಕೂ ಬಂತು.

ಆ ಹೊತ್ತಿಗೆ ಸಲಹೆಗಳು ಶುರುವಾದವು. ಒಬ್ಬರು ಉಪ್ಪು ಸುರಿಯಿರಿ ಅಂದರು. ಉಪ್ಪು ಸುರಿದರೆ ಬಳ್ಳಿ ಮಾತ್ರ ಸಾಯುವುದಿಲ್ಲ, ಮಲ್ಲಿಗೆಯೂ ತೆಂಗೂ ಸೊರಗುತ್ತವೆ, ಮಣ್ಣೂ ಹಾಳು. ಇನ್ನೊಬ್ಬರು ಹಸುವಿಗೆ ಹಾಕಿ ಅಂದರು. ಪಕ್ಕದ ಮನೆ ಹಸು ಮೂಸಿ, ಮುಖ ತಿರುಗಿಸಿ, ಹಗ್ಗ ಎಳೆದುಕೊಂಡು ಹೋಯಿತು. ಅಂಗಡಿಯವರು ಕಳೆನಾಶಕದ ಬಾಟಲಿ ತೋರಿಸಿದರು, ಗ್ಲೈಫೋಸೇಟ್. ಬಾವಿ ಮೂವತ್ತು ಅಡಿ ದೂರದಲ್ಲಿದೆ, ಬರೆಯ ನೀರು ಇಳಿಯುವುದೂ ಆ ಕಡೆಗೇ. ಬೇಡ ಅಂದೆ. ಮುಂದಿನ ವರ್ಷ, 2022ರ ಅಕ್ಟೋಬರ್‌ನಲ್ಲಿ, ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಬಾರದು ಅಂತ ಕೇಂದ್ರ ಸರ್ಕಾರವೇ ಆದೇಶ ಹೊರಡಿಸಿತು. ಅಂಗಡಿಯಲ್ಲಿ ಮನೆಯವರಿಗೆ ಸುಲಭವಾಗಿ ಸಿಗುತ್ತಿದ್ದ ವಸ್ತು ಅದು.

ಹುಳ ಬಿಡಬಹುದಲ್ವಾ ಅಂತಲೂ ಒಬ್ಬರು ಕೇಳಿದರು. ಪ್ರಶ್ನೆ ತಪ್ಪಲ್ಲ. ಘಟ್ಟದ ಮೇಲೆ ಕಾಂಗ್ರೆಸ್ ಗಿಡಕ್ಕೆ ಹಾಗೆ ಮಾಡಿದ್ದಾರೆ. ಮೆಕ್ಸಿಕೋದಿಂದ ತರಿಸಿದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ಈಗಲೂ ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆ ತಿನ್ನುತ್ತದೆ. ಆದರೆ ಅದು ಸರ್ಕಾರದ ಪ್ರಯೋಗಾಲಯ ಮಾಡುವ ಕೆಲಸ. ನಮ್ಮ ಅಂಗಳಕ್ಕೆ ಉಳಿದದ್ದು ಹತ್ತು ಬೆರಳು.

ಕೀಳುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಮೆಷಿನಿನ ಪಾಠ ಆದ ಮೇಲೆ ಧೈರ್ಯ ಕಮ್ಮಿಯಾಗಿತ್ತು, ಅದಕ್ಕೆ. ಹತ್ತು ತುಂಡುಗಳನ್ನು ಟೆರೇಸಿನ ಕಾಂಕ್ರೀಟಿನ ಮೇಲೆ ಬಿಸಿಲಿಗೆ ಹರಡಿದೆ. ಇನ್ನು ಹತ್ತನ್ನು ಮಾವಿನ ಮರದ ನೆರಳಲ್ಲಿ ರಾಶಿ ಹಾಕಿದೆ. ಡಿಸೆಂಬರ್ ತಿಂಗಳು, ಒಳ್ಳೆ ಬಿಸಿಲು. ಮೂರು ವಾರ ಬಿಟ್ಟು ಎಲ್ಲವನ್ನೂ ಚಟ್ಟಿಗಳಲ್ಲಿ ಊರಿ ನೀರು ಹಾಕಿದೆ. ಬಿಸಿಲಿನವು ಒಂದೂ ಏಳಲಿಲ್ಲ. ನೆರಳಿನ ರಾಶಿಯಲ್ಲಿ ಅಡಿಯಲ್ಲಿದ್ದವು ಊರುವ ಮೊದಲೇ ಬಿಳಿ ಬೇರು ಬಿಟ್ಟಿದ್ದವು.

ಇಷ್ಟು ನೋಡಿದ ಮೇಲೆ ನನ್ನ ತಲೆಯಲ್ಲಿದ್ದ ಪ್ರಶ್ನೆಯೇ ಬದಲಾಯಿತು. ಹೇಗೆ ಕೀಳುವುದು ಅಂತ ನಾನು ಒದ್ದಾಡುತ್ತಿದ್ದೆ. ಕೀಳುವುದು ಅಷ್ಟೇನೂ ಕಷ್ಟವಲ್ಲ, ಬೇರು ಆಳಕ್ಕೆ ಹೋಗುವುದಿಲ್ಲ. ಯಾವಾಗ ಕೀಳುವುದು, ಕಿತ್ತದ್ದನ್ನು ಎಲ್ಲಿ ಹಾಕುವುದು, ಇದೇ ಅಸಲು ಕೆಲಸ. ಮಳೆಯಲ್ಲಿ ಕಿತ್ತರೆ ನಾನೊಬ್ಬ ಒಂದು ಕಡೆ, ಮಳೆಯೂ ಮಣ್ಣೂ ಇನ್ನೊಂದು ಕಡೆ. ಬೇಸಿಗೆಗೆ ಮುಂಚೆ ಕಿತ್ತರೆ ಸೂರ್ಯ ನನ್ನ ಪಕ್ಷ. ಮಾರ್ಚ್‌ವರೆಗೆ ಕಾದರೆ ಮಣ್ಣು ಕಲ್ಲಾಗಿ ಗೆಣ್ಣು ತುಂಡಾಗಿ ಒಳಗೇ ಉಳಿಯುತ್ತದೆ. ಹಾಗಾಗಿ ನಮ್ಮ ಕಡೆಗೆ ಸರಿಯಾದ ಸಮಯ ಅಂದರೆ ಡಿಸೆಂಬರ್, ಜನವರಿ.

2022ರ ಜನವರಿಯಲ್ಲಿ ಇಬ್ಬರು ಆಳು, ನಾನು, ಒಟ್ಟು ಆರು ದಿನ. ಗಂಬೂಟು, ದಪ್ಪ ಕೈಗವಸು, ಉದ್ದದ ಕೋಲು. ಕೋಲು ಏಕೆಂದರೆ ಇಂಥ ಹಾಸಿಗೆಯ ಅಡಿಯಲ್ಲಿ ಇಲಿ ಬಿಲ ಮಾಡುತ್ತದೆ, ಇಲಿಯ ಹಿಂದೆ ಹಾವು. ಎರಡನೇ ದಿನ ಒಂದು ಕೇರೆ ಹಾವು ಸರಸರ ಹೋಯಿತು, ಅದೃಷ್ಟಕ್ಕೆ ಕೇರೆ. ಒಂದು ಅಂಚಿನಿಂದ ಕಡಿದು, ಗುದ್ದಲಿಯಿಂದ ಅಡಿ ಸಡಿಲ ಮಾಡಿ, ಚಾಪೆ ಸುತ್ತಿದ ಹಾಗೆ ಸುತ್ತುತ್ತಾ ಹೋದೆವು. ಎಳೆಯಬಾರದು, ಸುತ್ತಬೇಕು. ಎಳೆದರೆ ತುಂಡಾಗುತ್ತದೆ. ಒಬ್ಬರು ಸುತ್ತುವಾಗ ಇನ್ನೊಬ್ಬರು ಹಿಂದೆ ಕೂತು ಉಳಿದ ಗೆಣ್ಣು ಹೆಕ್ಕಬೇಕು. ಬೇಸರದ ಕೆಲಸ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಮ್ಮಲ್ಲಿ ಆ ಕೆಲಸ ಮಾಡಿದ್ದು ಹೆಚ್ಚಾಗಿ ಅಮ್ಮ, ಮಣೆ ಹಾಕಿಕೊಂಡು ಕೂತು. ನಾನು ಹೆಕ್ಕಿ ಮುಗಿಸಿದ ಜಾಗದಲ್ಲೇ ಇನ್ನೊಂದು ಹಿಡಿ ಹೆಕ್ಕಿ ತೋರಿಸುತ್ತಿದ್ದರು.

ಸುರುಳಿಗಳನ್ನೆಲ್ಲ ಟೆರೇಸಿಗೆ ಹೊತ್ತು, ಬೇರು ಮೇಲಾಗಿ ಹರಡಿದೆವು. ವಾರಕ್ಕೊಮ್ಮೆ ಮಗುಚಿದೆ. ಟೆರೇಸ್ ಸಾಲದ್ದಕ್ಕೆ ಉಳಿದದ್ದನ್ನು ಮುರಕಲ್ಲಿನ ಪಾದೆಯ (ಬಂಡೆಯ) ಮೇಲೆ ಹಾಕಿ, ಕಪ್ಪು ಟರ್ಪಾಲು ಮುಚ್ಚಿ, ಅಂಚಿಗೆ ಕಲ್ಲು ಇಟ್ಟೆ. ಗೊಬ್ಬರ ಗುಂಡಿಗೆ ಒಂದು ಎಳೆಯೂ ಹೋಗಲಿಲ್ಲ. ಗೊಬ್ಬರ ಗುಂಡಿ ಅಂದರೆ ನೆರಳು, ಒದ್ದೆ, ಸಾರ. ಅದಕ್ಕೆ ಸ್ವರ್ಗ. ಮಾರ್ಚ್ ಹೊತ್ತಿಗೆ ಗರಗರ ಒಣಗಿದ್ದನ್ನು ಅಮ್ಮ ಸುಡುಮಣ್ಣಿಗೆ, ಅಂದರೆ ಮಣ್ಣಿನ ಜೊತೆ ಸುಟ್ಟು ಮಾಡುವ ಗೊಬ್ಬರಕ್ಕೆ, ಹಾಕಿದರು. ಆ ಸುಡುಮಣ್ಣು ಮಲ್ಲಿಗೆ ಬುಡಕ್ಕೆ ಹೋಯಿತು. ಹೊಗೆ ಆಯಿತು, ಇಲ್ಲ ಅನ್ನುವುದಿಲ್ಲ.

ಇಲ್ಲಿವರೆಗೆ ಸರಿ. ಎರಡನೇ ತಪ್ಪು ಆ ಬರೆಯ ವಿಷಯದಲ್ಲಿ.

ಹುಮ್ಮಸ್ಸಲ್ಲಿ ಬರೆಯನ್ನೂ ಅರ್ಧಕ್ಕಿಂತ ಜಾಸ್ತಿ ಬೋಳು ಮಾಡಿದ್ದೆ. ಬಳ್ಳಿ ಎಷ್ಟೇ ಕೆಟ್ಟದಾದರೂ ಐದು ವರ್ಷ ಮಣ್ಣು ಹಿಡಿದಿತ್ತಲ್ವಾ? ಅದರ ಜಾಗಕ್ಕೆ ಏನು ಅಂತ ಯೋಚಿಸಿದ್ದು ಮೇ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲಿನ ಪತ್ತನಾಜೆ ದಿನ ಹತ್ತಿರ ಬಂದಾಗ. ಗಡಿಬಿಡಿಯಲ್ಲಿ ಲಾವಂಚದ ಬುಡ ತಂದು ನೆಟ್ಟೆ, ಮೇಲಿಂದ ತೆಂಗಿನ ಮಡಲು ಹೊದಿಸಿದೆ. ಲಾವಂಚ ಒಳ್ಳೆಯ ಆಯ್ಕೆಯೇ. ನಮ್ಮ ನೆಲದ್ದೇ ಹುಲ್ಲು. ಅದರ ಬೇರು ಅಡ್ಡ ಹಬ್ಬದೆ ನೇರ ಕೆಳಗೆ ಇಳಿಯುತ್ತದೆ, ಚೆನ್ನಾಗಿ ಬೆಳೆದರೆ ಹತ್ತು ಅಡಿ ದಾಟುವುದೂ ಉಂಟು. ಆದರೆ ನೆಟ್ಟು ತಿಂಗಳಾಗದ ಬುಡಕ್ಕೆ ಎಲ್ಲಿಯ ಬೇರು? ಜುಲೈಯ ಒಂದು ರಾತ್ರಿ ಬರೆಯ ಮೇಲಂಚು ಜರಿಯಿತು. ಮನೆಗೆ ಏನೂ ಆಗಲಿಲ್ಲ, ಎರಡು ದಿನ ಮಣ್ಣು ಹೊತ್ತದ್ದು ಮಾತ್ರ. ಮಳೆಗಾಲದಲ್ಲಿ ಬರೆ ಕುಸಿತ ಅಂದರೆ ನಮ್ಮ ಜಿಲ್ಲೆಯಲ್ಲಿ ತಮಾಷೆಯಲ್ಲ, ಆ ರಾತ್ರಿ ಯಾರೂ ಮಲಗಲಿಲ್ಲ.

ಉಳಿದ ಬರೆಯನ್ನು ಆಮೇಲೆ ಪಟ್ಟಿ ಪಟ್ಟಿಯಾಗಿ ಮಾಡಿದೆ. ಅಡ್ಡಕ್ಕೆ ಒಂದೂವರೆ ಅಡಿ ಅಗಲದ ಪಟ್ಟಿ ಮಾತ್ರ ಕೀಳುವುದು. ಅದರಲ್ಲಿ ಗೇಣಿಗೊಂದರಂತೆ ಲಾವಂಚ ನೆಡುವುದು, ಅದು ಕಚ್ಚಿಕೊಂಡ ಮೇಲೆ ಮುಂದಿನ ಪಟ್ಟಿ. ನಡುವೆ ಉಳಿದ ಹಳದಿ ಬಳ್ಳಿ ಲಾವಂಚದ ಮೇಲೆ ಏರದ ಹಾಗೆ ಹದಿನೈದು ದಿನಕ್ಕೊಮ್ಮೆ ಕತ್ತಿಯಿಂದ ಅಂಚು ಸವರುವುದು. ಸವರಿದ್ದನ್ನು ಚೀಲಕ್ಕೆ ತುಂಬುವುದು, ಅಲ್ಲೇ ಬಿಡುವುದಲ್ಲ. ಹೀಗೆ ಒಂದು ಸಣ್ಣ ಬರೆಗೆ ಎರಡು ವರ್ಷ ಹಿಡಿಯಿತು. ಮೆಷಿನ್‌ಗೆ ಅರ್ಧ ದಿನ ಸಾಕಾಗಿತ್ತು.

ಅಂಗಳದಲ್ಲಿ ಇನ್ನೊಂದು ತಮಾಷೆ ಆಯಿತು. ಹಳದಿ ಬಳ್ಳಿ ಹೋದ ಖಾಲಿ ನೆಲಕ್ಕೆ 2022ರ ಮಳೆಯಲ್ಲಿ ಕಮ್ಯುನಿಸ್ಟ್ ಗಿಡ ಬಂತು. ನಮ್ಮ ಜನ ಕಳೆಗಳಿಗೆ ಪಕ್ಷಗಳ ಹೆಸರಿಡುವುದರಲ್ಲಿ ನಿಸ್ಸೀಮರು. ಕೇಳದೆ ಬರುತ್ತದೆ, ಬಂದರೆ ಎದ್ದು ಹೋಗುವುದಿಲ್ಲ. ಇದೂ ಅಮೆರಿಕ ಖಂಡದ್ದೇ. ಭಾರತಕ್ಕೆ ಬಂದದ್ದು 1840ರ ದಶಕದಲ್ಲಿ, ಕೋಲ್ಕತ್ತದ ಸಸ್ಯೋದ್ಯಾನಕ್ಕೆ, ಅಲಂಕಾರದ ಗಿಡವಾಗಿ. ನನ್ನ ತೊಟ್ಟೆಗಳ ಕಥೆಯೂ ಅದೇ ಅಲ್ಲವೇ, ಅಳತೆ ಸಣ್ಣದು ಅಷ್ಟೇ. ಇದರ ಸ್ವಭಾವ ಮಾತ್ರ ಪೂರ್ತಿ ಉಲ್ಟಾ. ಬಳ್ಳಿ ತುಂಡಿನಿಂದ ಹಬ್ಬಿದರೆ, ಇದು ಗಾಳಿಯಲ್ಲಿ ತೇಲುವ ಬೀಜದಿಂದ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಆದರೆ ಎಳೆಯ ಗಿಡವನ್ನು ಒದ್ದೆ ಮಣ್ಣಲ್ಲಿ ಹಿಡಿದೆಳೆದರೆ ಬೇರು ಸಮೇತ ಬರುತ್ತದೆ. ಹಾಗಾಗಿ ಇದಕ್ಕೆ ಮಳೆಗಾಲವೇ ಒಳ್ಳೆಯದು. ಡಿಸೆಂಬರ್ ಹೊತ್ತಿಗೆ ಹೂ ಬಿಟ್ಟುಬಿಡುತ್ತದೆ, ನಾವು ದೀಪಾವಳಿ ಗಡು ಇಟ್ಟುಕೊಂಡೆವು. ಒಂದೇ ಅಂಗಳ, ಎರಡು ಕಳೆ, ಎರಡು ಬೇರೆ ಪಂಚಾಂಗ.

ಖಾಲಿ ನೆಲ ಬಿಟ್ಟದ್ದೇ ಅದಕ್ಕೆ ದಾರಿ ಅಂತ ಅರ್ಥವಾದ ಮೇಲೆ, ಫ್ರಿಜ್ಜಿನ ರಟ್ಟಿನ ಡಬ್ಬ ಬಿಡಿಸಿ ನೆಲಕ್ಕೆ ಹಾಸಿ, ಮೇಲೆ ಅರ್ಧ ಅಡಿ ಅಡಿಕೆ ಸೋಗೆ ಹೊದಿಸಿದೆ. ಅಲ್ಲಲ್ಲಿ ತೂತು ಮಾಡಿ ಗಿಡ ನೆಟ್ಟೆ: ಕೇಪಳ, ಮಜ್ಜಿಗೆಹುಲ್ಲು, ಒಂದೆಲಗ. ಗರಿಕೆಯನ್ನು ತವರುಮನೆಯಿಂದ ಅಮ್ಮನೇ ತಂದು ತುಳಸಿಕಟ್ಟೆಯ ಸುತ್ತ ಊರಿದರು. ತುಂಬೆ ಮಾತ್ರ ತಾನಾಗಿ ಬಂತು, 2023ರ ಮಳೆಗೆ, ಯಾರೂ ಹೇಳದೆ.

ಇದಕ್ಕೆ ಮನೆಯೊಳಗೇ ವಿರೋಧವೂ ಇತ್ತು. ಮಗಳು ಕೇಳಿದಳು, ಆ ಹೂವಿಗೆ ಎಷ್ಟು ಜೇನ್ನೊಣ, ಎಷ್ಟು ಪಾತರಗಿತ್ತಿ ಬರುತ್ತಿತ್ತು, ಯಾಕೆ ತೆಗೆದೆ ಅಂತ. ನಿಜ, ಬರುತ್ತಿತ್ತು. ವಿದೇಶಿ ಗಿಡ ಅಂತ ಉತ್ತರ ಕೊಟ್ಟೆ. ಹಾಗಾದರೆ ಪಪ್ಪಾಯಿ? ಗೇರು? ಮೆಣಸಿನಕಾಯಿ? ಅವಳ ಶಾಲೆಯ ಪುಸ್ತಕದಲ್ಲಿ ಇದೆಲ್ಲ ಇತ್ತು. ಗೇರಿನ ಸಂಶೋಧನೆಗೆ ಅಂತಲೇ ನಮ್ಮ ಪುತ್ತೂರಿನಲ್ಲಿ ಕೇಂದ್ರದ ನಿರ್ದೇಶನಾಲಯ ಇದೆ, ಆ ಗೇರೂ ಬ್ರೆಜಿಲ್ ಕಡೆಯಿಂದ ಪೋರ್ಚುಗೀಸರು ತಂದದ್ದೇ. ಅವಳೇ ಪ್ರೀತಿಯಿಂದ ಮುಟ್ಟುವ ಮುಟ್ಟಿದರೆ ಮುನಿಯೂ ಅಲ್ಲಿಯದೇ. ನನ್ನ ಉತ್ತರ ನಿಲ್ಲಲಿಲ್ಲ. ಎಲ್ಲಿಂದ ಬಂತು ಅನ್ನುವುದು ತಕರಾರಲ್ಲ, ಬಂದ ಮೇಲೆ ಬೇರೆಯವರಿಗೆ ಕೂರಲು ಜಾಗ ಬಿಡುತ್ತದಾ ಅನ್ನುವುದು ತಕರಾರು ಅಂತ ಎರಡನೇ ಸಲ ಸರಿ ಮಾಡಿ ಹೇಳಿದೆ. ಈಗ ಕೇಪಳಕ್ಕೂ ತುಂಬೆಗೂ ಪಾತರಗಿತ್ತಿ ಬರುತ್ತದೆ. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ.

ಲೆಕ್ಕ ಕೇಳುವವರಿಗೆ: ಮೆಷಿನ್, ಆಳು, ಟರ್ಪಾಲು, ಲಾವಂಚ, ಜರಿದ ಮಣ್ಣು ಹೊರಿಸಿದ್ದು ಎಲ್ಲ ಸೇರಿ ಮೂರು ವರ್ಷದಲ್ಲಿ ಹದಿನೇಳು ಸಾವಿರದ ಹತ್ತಿರ. ತೊಟ್ಟೆಗೆ ಕೊಟ್ಟದ್ದು ನಾನೂರು ರೂಪಾಯಿ. ಇಷ್ಟಾದರೂ ಒಂದು ಸಮಾಧಾನ ಇದೆ. ಲಂಟಾನದ ಹಾಗೆ ಇದು ಮಣ್ಣಲ್ಲಿ ಬೀಜದ ಗಂಟು ಇಟ್ಟು ಹೋಗುವುದಿಲ್ಲ. ತುಂಡು ಮುಗಿದರೆ ಗಿಡ ಮುಗಿಯಿತು. ಮೊದಲ ವರ್ಷದ ಮಳೆಯಲ್ಲಿ ವಾರಕ್ಕೊಂದು ಬುಟ್ಟಿ ಚಿಗುರು ಸಿಗುತ್ತಿತ್ತು. ಎರಡನೇ ಮಳೆಗೆ ತಿಂಗಳಿಗೆ ಒಂದು ಬುಟ್ಟಿ. 2024ರ ಮಳೆಗಾಲದಲ್ಲಿ ಅಂಗಳದಲ್ಲಿ ಸಿಕ್ಕಿದ್ದು ಒಟ್ಟು ನಾಲ್ಕು ಎಳೆ, ನಾಲ್ಕೂ ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ. ಬರೆಯ ಒಂದು ಮೂಲೆಯಲ್ಲಿ ಇನ್ನೂ ಇದೆ, ಅಲ್ಲಿಗೆ ಏಣಿ ಇಡಲು ಆಗುವುದಿಲ್ಲ. ಆ ವರ್ಷದ ಚೌತಿಗೆ ಗರಿಕೆ ಮನೆಯದೇ.

ತೋಡಿನದ್ದು ಮಾತ್ರ ಮುಗಿದಿಲ್ಲ. ಮೆಷಿನ್ ದಿನ ಬೇಲಿಯಾಚೆಗೆ ಹಾಕಿಸಿದ ರಾಶಿ ನೀರಲ್ಲಿ ಇಳಿದು, ಪಕ್ಕದವರ ಅಡಿಕೆ ತೋಟದ ಕಪ್ಪುಗಳಲ್ಲಿ, ಅಂದರೆ ನೀರು ಹರಿಯುವ ಕಾಲುವೆಗಳಲ್ಲಿ, ಬೇರು ಬಿಟ್ಟಿತ್ತು. ಅವರು ಅದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ನಾನೇ ಹೋಗಿ ಹೇಳಿದೆ. ಅವರು ನಕ್ಕು ಚಾ ಕೊಟ್ಟರು, ಅದು ಇನ್ನೂ ಕಷ್ಟ. ಅಲ್ಲಿಂದ ಈಚೆಗೆ ಮಳೆಗಾಲದಲ್ಲಿ ತಿಂಗಳಿಗೊಂದು ಭಾನುವಾರ ಗೋಣಿಚೀಲ ಹಿಡಿದು ತೋಡಿನ ಉದ್ದಕ್ಕೆ ಇಳಿಯುತ್ತೇನೆ. ನೀರಿನ ಅಂಚು, ಬೇಸಿಗೆಯಲ್ಲೂ ಒಣಗದ ನೆರಳು, ಹಾಗಾಗಿ ಟೆರೇಸಿನ ಬಿಸಿಲೇ ಗತಿ, ಪ್ರತಿ ಸಲ ಹೊತ್ತು ಮೇಲೆ ತರಬೇಕು. ಕಳೆದ ಸಲ ಹನ್ನೊಂದು ಬುಡ ಸಿಕ್ಕಿತು. ಹನ್ನೆರಡನೆಯದನ್ನು ಆ ಮನೆಯ ಅಮ್ಮ ಚಟ್ಟಿಯಲ್ಲಿ ಹಾಕಿ ಜಗಲಿಯ ಮೆಟ್ಟಿಲ ಮೇಲೆ ಇಟ್ಟಿದ್ದಾರೆ, ಹೂವು ಚೆಂದ ಅಂತ. ಅದನ್ನು ಹೇಗೆ ಕೇಳುವುದು ಅಂತ ಯೋಚಿಸುತ್ತಾ ಇದ್ದೇನೆ.